ಹೆದ್ದಾರಿಯಲ್ಲಿ ನಿಂತ ಬಾಣಂತಿ ಕೋಣೆ

ಶುಕ್ರವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸಬಾರದು ಅನ್ನುವ ಒಂದು ಮಾತಿಗೆ ಕಟ್ಟುಬಿದ್ದು ನಾವು ಶನಿವಾರ ಹೊರಟೆವು. ಶುಕ್ರವಾರವೇ ಹೊರಟಿದ್ದರೆ ಮಳೆ ಹೆಪ್ಪುಗಟ್ಟುವುದರೊಳಗೆ ಅಟ್ಲಾಂಟಾ ಸೇರಿ, ಬಿಸಿ ಕಾಫಿ ಕುಡಿಯುತ್ತಾ ಕಿಟಕಿಯಿಂದ ಐಸ್ ನೋಡುತ್ತಾ ಕೂತಿರುತ್ತಿದ್ದೆವು. ಟೀವಿಯವನು ಗುರುವಾರದಿಂದಲೂ ಒಂದೇ ಸಮ ಬಡಕೊಳ್ಳುತ್ತಿದ್ದ: ಶನಿವಾರ ಮಧ್ಯಾಹ್ನದ ಮೇಲೆ ಎರಡೂ ಕ್ಯಾರೊಲಿನಾಗಳಲ್ಲಿ ಫ್ರೀಜಿಂಗ್ ರೇನ್, ಅಂದರೆ ಬೀಳುವಾಗ ನೀರು, ಬಿದ್ದ ಮೇಲೆ ಗಾಜು, ಕೆಲಸವಿಲ್ಲದವರು ರಸ್ತೆಗೆ ಇಳಿಯಬೇಡಿ. ನಾನು ಅದನ್ನು ಅಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅಮ್ಮ ಕೂಸಿನ ಕುಲಾವಿಯ ದಾರ ಕಟ್ಟುತ್ತಾ, ಶುಕ್ರವಾರ ಮಗಳನ್ನು ಕಳಿಸಿದರೆ ಹೊರಗೆ ಹೋಗುವುದು ನಿನ್ನ ಮನೆಯ ಲಕ್ಷ್ಮಿ, ನನಗೇನಾಗಬೇಕು ಅಂದಳು. ನನ್ನ ಮನೆಯ ಲಕ್ಷ್ಮಿ ಬೇಕಾದರೆ ಇವತ್ತೇ ಸೂಟ್‌ಕೇಸ್ ಹಿಡಿದುಕೊಂಡು ಹೋಗಲಿ ಅಂತ ನಾನು ಕೂಗಾಡಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅಮ್ಮನದು ಬಗ್ಗದ ಹಟ. ನಮ್ಮಿಬ್ಬರ ನಡುವೆ ಸಿಕ್ಕಿಕೊಂಡವರು ಸುಮ್ಮನೆ ತಲೆ ತಗ್ಗಿಸಿ ಕೂರುವುದು ನಮ್ಮ ಮನೆಯಲ್ಲಿ ಮೊದಲಿನಿಂದ ನಡೆದು ಬಂದದ್ದು.

ಆಗ ನಾನು ಮೇರಿಲ್ಯಾಂಡಿನಲ್ಲಿದ್ದೆ. ದಿನಾ ಮೆಟ್ರೋ ಹತ್ತಿ ವಾಷಿಂಗ್ಟನ್ನಿನ ಆಫೀಸಿಗೆ ಹೋಗಿ ಬರುತ್ತಿದ್ದೆ. ತೊಂಬತ್ತರ ದಶಕ ಅರ್ಧ ಕಳೆದಿತ್ತು. ತಂಗಿ ಹೆರಿಗೆಗೆ ನನ್ನ ಮನೆಗೇ ಬಂದಿದ್ದಳು, ಬಾಣಂತನ ಮಾಡಲು ಅಮ್ಮ ಮೈಸೂರಿನಿಂದ ಬಂದಿದ್ದಳು. ಹೆಣ್ಣು ಕೂಸು, ಎರಡು ತಿಂಗಳು ತುಂಬಲು ಇನ್ನೂ ಸ್ವಲ್ಪ ಬಾಕಿ. ಅಷ್ಟರಲ್ಲಿ ತಂಗಿಯ ಗಂಡನ ಪ್ರಾಜೆಕ್ಟು ಮುಗಿದು, ಅಟ್ಲಾಂಟಾದ ಹತ್ತಿರ ಕಮ್ಮಿಂಗ್ ಅನ್ನುವ ಊರಿನ ಕಡೆ ಹೊಸ ಕೆಲಸ ಸಿಕ್ಕಿತು. ಸೋಮವಾರ ಅಲ್ಲಿ ಹಾಜರಾಗದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಅವನೊಬ್ಬನೇ ಮೊದಲು ಹೋಗಲಿ, ಇವರೆಲ್ಲ ಬೇಸಿಗೆಯಲ್ಲಿ ಹೋದರಾಯಿತು ಅಂತ ನಾನು ಹೇಳಿದೆ. ತಂಗಿ ಅಳುವುದಕ್ಕೆ ಶುರು ಮಾಡಿದಳು. ಬಾಣಂತಿ ಅತ್ತರೆ ಕಣ್ಣಿಗೆ ಕೆಟ್ಟದ್ದೆಂದು ಹೇಳಿ, ಎಲ್ಲರೂ ಒಟ್ಟಿಗೇ ಹೋಗುವುದು ಅಂತ ಅಮ್ಮ ತೀರ್ಪು ಕೊಟ್ಟುಬಿಟ್ಟಳು.

ಹೋಗುವುದು ಹೇಗೆ? ವಿಮಾನ ಬೇಡ, ಕೂಸಿನ ಎಳೆಯ ಕಿವಿ ತಡೆಯುವುದಿಲ್ಲ. ಕಾರು ಬೇಡ, ಬಾಣಂತಿ ದಿನವಿಡೀ ಕಾಲು ಇಳಿಬಿಟ್ಟುಕೊಂಡು ಕೂತರೆ ಮುಂದೆ ಸೊಂಟ ಹಿಡಿಯುತ್ತದೆ. ಹೊರಗಿನ ಊಟ ಬೇಡ, ಹಾಲು ಕೆಡುತ್ತದೆ. ತಂಗಿಯ ಗಂಡ ಸಾಧು ಮನುಷ್ಯ, ಅತ್ತೆಯ ಮಾತಿಗೆ ಇಲ್ಲ ಅನ್ನಲಾರ. ಈ ಬೇಡಗಳನ್ನೆಲ್ಲ ಕೂಡಿಸಿಕೊಂಡು ಹೋಗಿ ಅವನು ಒಂದು ಆರ್‌ವಿಯನ್ನು ಬಾಡಿಗೆಗೆ ತಂದ. ಮಂಚ, ಗ್ಯಾಸ್ ಒಲೆ, ನೀರಿನ ತೊಟ್ಟಿ, ಕಕ್ಕಸು ಎಲ್ಲವನ್ನೂ ಚಕ್ರದ ಮೇಲೆ ಕೂರಿಸಿದ ಮನೆ ಅದು. ಅಮ್ಮ ಅದನ್ನು ಹತ್ತಿ, ಇಳಿದು, ಮತ್ತೆ ಹತ್ತಿ ನೋಡಿ, ಈ ದೇಶದವರಿಗೂ ಸ್ವಲ್ಪ ಬುದ್ಧಿ ಇದೆ ಅಂದಳು. ಹತ್ತಿರದ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಡಿಸಿದಳು. ಆಮೇಲೆ ಅದರ ಹಿಂಭಾಗವನ್ನು ಬಾಣಂತಿ ಕೋಣೆ ಮಾಡಲು ಕೂತಳು: ಕಂಬಳಿ, ಹಳೆಯ ಸೀರೆಗಳು, ಓಮದ ನೀರಿನ ಫ್ಲಾಸ್ಕು, ಹರಳೆಣ್ಣೆ, ಸಾಂಬ್ರಾಣಿ ಡಬ್ಬಿ, ಕೆಂಡ ಹಾಕುವ ಕಬ್ಬಿಣದ ಬಾಣಲೆ, ಒಂದು ಚೀಲ ಇದ್ದಿಲು. ಇದ್ದಿಲು ಯಾಕೆ ಅಂತ ಕೇಳಿದೆ. ಕೂಸಿನ ತಲೆಗೆ ಹೊಗೆ ಹಾಕುವುದು ನಿನ್ನ ಟೀವಿಯವನಾ ಅಂತ ನನ್ನನ್ನೇ ಕೇಳಿದಳು.

ತಂಗಿಯ ಕಾರೂ ಅಟ್ಲಾಂಟಾಕ್ಕೆ ಹೋಗಬೇಕಿತ್ತು. ಅದನ್ನು ಹಿಂದಿನಿಂದ ಓಡಿಸಿಕೊಂಡು ಬರಲು ನಾನಲ್ಲದೆ ಇನ್ಯಾರಿದ್ದರು? ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಹಾಗಾಗಿ ಶನಿವಾರ ಬೆಳಕು ಹರಿಯುವ ಮುಂಚೆ, ಮುಂದೆ ತಂಗಿಯ ಗಂಡ ಆ ಮನೆಯನ್ನು ಓಡಿಸಿಕೊಂಡು, ಹಿಂದೆ ನಾನು ಅದರ ಬೆನ್ನು ನೋಡಿಕೊಂಡು ಹೊರಟೆವು.

ವರ್ಜೀನಿಯಾದಲ್ಲಿ ಒಂದು ರೆಸ್ಟ್ ಏರಿಯಾದಲ್ಲಿ ತಿಂಡಿಗೆ ನಿಲ್ಲಿಸಿದೆವು. ಅಮ್ಮ ಒಲೆ ಹಚ್ಚಿ, ಮೆಣಸಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದಳು. ಚುಯ್ ಅಂದದ್ದೇ ತಡ, ಅಲಾರ್ಮು ಕಿರುಚಿಕೊಂಡಿತು. ಕೂಸು ಬೆಚ್ಚಿ ಬಿದ್ದು ಅಳತೊಡಗಿತು. ಅಲ್ಲಿ ಎರಡು ಅಲಾರ್ಮುಗಳಿದ್ದವು, ಚಾವಣಿಯಲ್ಲಿದ್ದದ್ದು ಹೊಗೆಗೆ, ಮಂಚದ ಪಕ್ಕದ ಗೋಡೆಯಲ್ಲಿದ್ದದ್ದು ವಿಷಗಾಳಿಗೆ. ಅದನ್ನು ಬಾಯಿ ಮುಚ್ಚಿಸು ಅಂತ ಅಮ್ಮ ಹೇಳಿದಳು. ಯಾವುದು ಕೂಗುತ್ತಿದೆ ಅಂತ ಗೊತ್ತಾಗದೆ ತಂಗಿಯ ಗಂಡ ಎರಡರ ಬ್ಯಾಟರಿಯನ್ನೂ ಕಿತ್ತು ಚಮಚದ ಡ್ರಾಯರಿಗೆ ಹಾಕಿದ. ನಾವ್ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆ ಕಾಲದಲ್ಲಿ ನಮ್ಮವರ ಯಾವ ಮನೆಯಲ್ಲಿ ಒಗ್ಗರಣೆ ಹೊತ್ತಿಗೆ ಅಲಾರ್ಮಿಗೆ ಪ್ಲಾಸ್ಟಿಕ್ ಟೋಪಿ ಹಾಕುತ್ತಿರಲಿಲ್ಲ? ಸಾರು ಚೆನ್ನಾಗಿತ್ತು, ನಾನೂ ಎರಡು ಲೋಟ ಕುಡಿದೆ.

ಉತ್ತರ ಕ್ಯಾರೊಲಿನಾದ ಷಾರ್ಲಟ್ ನಗರ ದಾಟಿದ ಮೇಲೆ ಮಳೆ ಸಿಕ್ಕಿತು. ಮೊದಲು ಏನೂ ಅನ್ನಿಸಲಿಲ್ಲ, ಸಾಮಾನ್ಯ ಜಿಟಿಜಿಟಿ ಮಳೆಯಂತೆಯೇ ಇತ್ತು. ವೈಪರು ಗಾಜಿನ ಮೇಲೆ ಟಕ್ ಟಕ್ ಅನ್ನತೊಡಗಿದಾಗ ನೋಡುತ್ತೇನೆ, ಅದರ ಅಂಚಿಗೆ ಐಸ್ ಕಟ್ಟಿದೆ. ರಸ್ತೆ ಮಾತ್ರ ಬರೀ ಒದ್ದೆಯಾಗಿ, ಸಾಧುವಾಗಿ ಕಾಣುತ್ತಿತ್ತು. ಒಂದು ಸೇತುವೆ ಬಂತು. ಸೇತುವೆಯ ಕೆಳಗೂ ಗಾಳಿ ಆಡುವುದರಿಂದ ಅದು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಆ ಬೋರ್ಡುಗಳನ್ನು ಎಷ್ಟೋ ವರ್ಷದಿಂದ ಓದಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ. ನನ್ನ ಮುಂದೆ ಆ ದೊಡ್ಡ ಮನೆಯ ಹಿಂಭಾಗ ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಎಡಕ್ಕೆ ಸರಿಯಿತು. ಚಕ್ರ ಉರುಳುತ್ತಿರಲಿಲ್ಲ, ಇಡೀ ಗಾಡಿ ಜಾರುತ್ತಿತ್ತು. ಎಡಕ್ಕೆ ಕಂಬಿ, ಕಂಬಿಯ ಆಚೆ ಹೊಳೆ. ಒಳಗೆ ಮಂಚದ ಮೇಲೆ ತಂಗಿ ಮಲಗಿದ್ದಾಳೆ, ಪಕ್ಕದಲ್ಲಿ ಕೂಸು. ನಾನು ಕಾರಿನೊಳಗೆ ಒಬ್ಬಳೇ ಬ್ರೇಕ್ ಒತ್ತಬೇಡ, ಬ್ರೇಕ್ ಒತ್ತಬೇಡ ಅಂತ ಅರಚಿದೆ, ಅವನಿಗೆ ಕೇಳಿಸುತ್ತದೇನೋ ಅನ್ನುವ ಹಾಗೆ. ಅವನು ಒತ್ತಲಿಲ್ಲ. ಗಾಡಿ ಕಂಬಿಯ ಹತ್ತಿರದ ತನಕ ಹೋಗಿ, ಸೇತುವೆ ಮುಗಿದು ಮಣ್ಣಿನ ಮೇಲಿನ ರಸ್ತೆ ಸಿಕ್ಕ ಕೂಡಲೇ ನೆಟ್ಟಗಾಯಿತು. ನನ್ನ ಅಂಗೈ ಸ್ಟಿಯರಿಂಗಿಗೆ ಅಂಟಿಕೊಂಡಿತ್ತು.

ಅಲ್ಲಿಂದ ನಡೆಯುವವರಷ್ಟೇ ನಿಧಾನ ಹೋದೆವು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಮುಂದೆಲ್ಲೋ ಟ್ರೇಲರ್ ಲಾರಿಯೊಂದು ಮಡಚಿಕೊಂಡು ರಸ್ತೆಗೆ ಅಡ್ಡ ಬಿದ್ದಿದೆ, ತೆಗೆಯುವ ಗಾಡಿಯೂ ಬರಲಾಗುತ್ತಿಲ್ಲ ಅಂತ ರೇಡಿಯೋ ಹೇಳಿತು. ಎರಡು ಕಡೆಯೂ ಪೈನ್ ಮರಗಳ ಕಾಡು. ಐಸಿನ ಭಾರಕ್ಕೆ ಕೊಂಬೆಗಳು ಲಟಕ್ಕನೆ ಮುರಿದು ಬೀಳುತ್ತಿದ್ದವು. ಮುಂದೆ ಗಾಡಿಗಳು, ಹಿಂದೆ ಗಾಡಿಗಳು, ಎತ್ತ ಹೋಗಲೂ ದಾರಿಯಿಲ್ಲ.

ಕೂತು ಕೂತು ಸಾಕಾಗಿ ನಾನು ಆರ್‌ವಿಗೆ ಹೋದೆ. ನೆಲ ಎಷ್ಟು ಜಾರುತ್ತಿತ್ತೆಂದರೆ ಕಾರನ್ನು ಹಿಡಿದುಕೊಂಡೇ ನಡೆಯಬೇಕಾಯಿತು. ಒಳಗೆ ಬೆಚ್ಚಗಿತ್ತು, ಆದರೆ ತಂಗಿಯ ಗಂಡ ಸಪ್ಪಗಿದ್ದ. ಪೆಟ್ರೋಲು ಕಡಿಮೆಯಿದೆ ಅಂತ ಇಂಜಿನ್ ಆರಿಸಿದ್ದಾನೆ, ಹೀಟರಿನ ಫ್ಯಾನು ಬ್ಯಾಟರಿಯಲ್ಲಿ ಓಡುತ್ತಿದೆ, ಬ್ಯಾಟರಿ ಯಾವಾಗ ಬೇಕಾದರೂ ಕೈಕೊಡಬಹುದು ಅಂದ. ಅಮ್ಮ ಮಂಚದ ಮೇಲೆ ನಿಂತು ಚಾವಣಿಯ ಗಾಳಿಕಿಂಡಿಗೆ ನನ್ನ ಹಳೆಯ ಸೀರೆಯೊಂದನ್ನು ತುರುಕುತ್ತಿದ್ದಳು. ಅಡುಗೆ ಒಲೆಯ ಮೇಲಿನ ಕಿಂಡಿಗೆ ಆಗಲೇ ತುರುಕಿಯಾಗಿತ್ತು. ಕಿಟಕಿಯ ಸಂದಿಗಳಿಗೆ ಕೂಸಿನ ಬಟ್ಟೆ, ಬಾಗಿಲ ಕೆಳಗೆ ಟವಲು. ಉಸಿರು ಕಟ್ಟುತ್ತದೆ, ಒಂದಾದರೂ ತೆಗೆ ಅಂತ ನಾನು ಹೇಳಿದೆ. ಬಾಣಂತಿಗೂ ಕೂಸಿಗೂ ಥಂಡಿ ಹತ್ತಿದರೆ ಯಾರು ನೋಡುತ್ತಾರೆ ಅಂತ ಅವಳು ಕೇಳಿದಳು. ಒಬ್ಬರಿಗೊಬ್ಬರು ಮಾತು ಬೆಳೆಸಿದೆವು. ಶುಕ್ರವಾರದ ಕಥೆ ನಾನು ಎತ್ತಿದೆ. ಆಗ ಅಮ್ಮ ಮಂಚದ ಮೇಲಿಂದಲೇ, ನನ್ನ ಕಡೆ ತಿರುಗದೆ ಹೇಳಿದಳು.

"ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ."

ನಮಗೆ ಮಕ್ಕಳಾಗಿರಲಿಲ್ಲ. ಡಾಕ್ಟರುಗಳನ್ನೆಲ್ಲ ನೋಡಿ ಮುಗಿದಿತ್ತು. ಅದು ಅಮ್ಮನಿಗೂ ಗೊತ್ತಿತ್ತು. ತಂಗಿ ಅಮ್ಮಾ ಅಂತ ಮೆಲ್ಲಗೆ ಗದರಿಸಿದಳು. ಅವಳು ಕಿವಿಗೆ ಹತ್ತಿ ಇಟ್ಟು ಮಫ್ಲರು ಸುತ್ತಿಕೊಂಡು ಕೂಸನ್ನು ಎದೆಗೆ ಹಿಡಿದುಕೊಂಡಿದ್ದಳು. ನಾನು ಬಾಗಿಲನ್ನು ಎಷ್ಟು ಜೋರಾಗಿ ಬಡಿಯಲು ಸಾಧ್ಯವೋ ಅಷ್ಟು ಜೋರಾಗಿ ಬಡಿದು ಕಾರಿಗೆ ಬಂದು ಕೂತೆ. ಇನ್ನು ಸತ್ತರೂ ಅದರೊಳಗೆ ಕಾಲಿಡುವುದಿಲ್ಲ ಅಂದುಕೊಂಡೆ.

ನಾನು ಹೊರಗೆ ಬಂದ ಮೇಲೆ ಒಳಗೆ ನಡೆದದ್ದು ನನಗೆ ತಿಳಿದದ್ದು ಆಮೇಲೆ, ತಂಗಿಯ ಗಂಡನಿಂದ. ಸ್ವಲ್ಪ ಹೊತ್ತಿಗೆ ಬ್ಯಾಟರಿ ಸತ್ತು ಹೀಟರು ನಿಂತಿತಂತೆ. ಗೋಡೆಗಳು ತಣ್ಣಗಾದವು. ಅಮ್ಮ ಗ್ಯಾಸ್ ಒಲೆಯ ಎಲ್ಲ ಬರ್ನರುಗಳನ್ನೂ ಹಚ್ಚಿದಳು. ಒಲೆಗೆ ಬ್ಯಾಟರಿ ಬೇಕಿಲ್ಲವಲ್ಲ. ಅದೂ ಸಾಲದಾದಾಗ ಇದ್ದಿಲನ್ನು ಒಲೆಯ ಮೇಲೆ ಕೆಂಪಗೆ ಮಾಡಿ, ಬಾಣಲೆಗೆ ಹಾಕಿ, ಮಂಚದ ಪಕ್ಕ ನೆಲದ ಮೇಲೆ ಇಟ್ಟಳು. ಎಲ್ಲರಿಗೂ ಹಿತವಾಯಿತು. ಆಮೇಲೆ ತಂಗಿಗೆ ತಲೆನೋವು ಬಂತು. ಅದು ನಾನು ಬಾಗಿಲು ತೆಗೆದಾಗ ಹತ್ತಿದ ಥಂಡಿ ಅಂತ ಅಮ್ಮ ಲೆಕ್ಕ ಹಾಕಿ, ಬಾಗಿಲಿಗೆ ಕಂಬಳಿಯನ್ನೂ ಒತ್ತಿದಳು. ತಂಗಿಯ ಗಂಡನಿಗೂ ತಲೆ ಸಿಡಿಯತೊಡಗಿತು. ಅವನು ಡ್ರೈವಿಂಗಿನ ಆಯಾಸ ಅಂದುಕೊಂಡು ಸೀಟು ಹಿಂದಕ್ಕೆ ಮಾಡಿ ಕಣ್ಣು ಮುಚ್ಚಿದ. ಕೂಸು ಹಾಲು ಕುಡಿಯುವ ಹೊತ್ತಿಗೂ ಏಳಲಿಲ್ಲ. ಬೆಳಗಿನಿಂದ ಕುಲುಕಿ ದಣಿದಿದೆ, ಮಲಗಲಿ ಅಂತ ಅಮ್ಮ ತೊಡೆಯ ಮೇಲೆ ಹಾಕಿಕೊಂಡಳು.

ನಾನು ಕಾರಿನಲ್ಲಿ ಕೂತು ಅಮ್ಮನಿಗೆ ಕೊಡಬೇಕಾದ ಉತ್ತರಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದೆ. ಆಗಾಗ ಇಂಜಿನ್ ಹಾಕಿ ಕಾಲು ಬಿಸಿ ಮಾಡಿಕೊಳ್ಳುತ್ತಿದ್ದೆ. ಆರ್‌ವಿಯ ಹಿಂದಿನ ಕಿಟಕಿಯ ಒಳಗಡೆ ನೀರು ಇಳಿಯುತ್ತಿತ್ತು. ಒಳಗೆ ಒಳ್ಳೇ ಬಚ್ಚಲುಮನೆಯ ಹಾಗೆ ಬೆಚ್ಚಗಿದ್ದಾರೆ, ನಾನಿಲ್ಲಿ ಸೆಟೆದು ಹೋಗುತ್ತಿದ್ದರೂ ಕರೆಯುವವರಿಲ್ಲ ಅಂತ ಕಣ್ಣಲ್ಲಿ ನೀರು ಬಂತು. ಅವರಾಗಿ ಬಂದು ಕರೆಯುವ ತನಕ ಹೋಗಬಾರದು ಅಂತ ಕೂತೇ ಇದ್ದೆ.

ಕತ್ತಲಾಗಲು ಇನ್ನು ಸ್ವಲ್ಪ ಹೊತ್ತಿದೆ ಅನ್ನುವಾಗ ದೂರದಲ್ಲಿ ಬ್ರೇಕಿನ ಕೆಂಪು ದೀಪಗಳು ಒಂದೊಂದಾಗಿ ಆರಿದವು. ಮುಂದಿನ ಗಾಡಿಗಳು ಅಲುಗಾಡಿದವು. ಸಾಲು ಹೊರಟಿತು. ಆರ್‌ವಿಯ ಮುಂದಿನ ಕಾರು ಹೋಯಿತು, ಅದರ ಮುಂದಿನದು ಆಗಲೇ ಹೋಗಿತ್ತು. ಆರ್‌ವಿ ಹಾಗೇ ನಿಂತಿತ್ತು. ನಾನು ಹಾರ್ನ್ ಹಾಕಿದೆ. ನನ್ನ ಹಿಂದಿನವರೂ ಹಾಕಿದರು. ಅದು ಅಲುಗಲಿಲ್ಲ. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಅನ್ನ ಸಾರು ಉಂಡು ಎಲ್ಲರೂ ಗೊರಕೆ ಹೊಡೆಯುತ್ತಿದ್ದಾರೆ ಅಂದುಕೊಂಡು ಕಾರಿನಿಂದ ಇಳಿದೆ. ಎರಡು ಸಲ ಜಾರಿ ಬಿದ್ದೆ. ಬಾಗಿಲಿನ ಹಿಡಿ ಐಸಿನಲ್ಲಿ ಮುಳುಗಿತ್ತು. ಚಪ್ಪಡಿ ಕುಟ್ಟುವ ಹಾಗೆ ಅದರ ಮೇಲೆ ಗುದ್ದಿದೆ, ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಒಳಗಿನಿಂದ ಯಾರೂ ಬೈಯಲಿಲ್ಲ. ಅಮ್ಮ ನನ್ನ ಬೈಗುಳಕ್ಕೆ ತಿರುಗಿ ಬೈಯದೆ ಇದ್ದದ್ದು ಅದೇ ಮೊದಲು.

ಹಿಡಿ ಬಿಟ್ಟುಕೊಂಡಿತು. ಬಾಗಿಲನ್ನು ಎಳೆದರೆ ಒಳಗೆ ಒತ್ತಿದ್ದ ಕಂಬಳಿ ಅಡ್ಡ ಬಂತು. ಕಾಲು ಕೊಟ್ಟು ಎಳೆದು ಒಳಗೆ ನುಗ್ಗಿದೆ. ಒಲೆಯ ಎಲ್ಲ ಬಾಯಿಗಳೂ ಉರಿಯುತ್ತಿದ್ದವು. ನೆಲದ ಮೇಲೆ ಬಾಣಲೆಯಲ್ಲಿ ಕೆಂಡ. ತಂಗಿಯ ಗಂಡ ಸೀಟಿನಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದ. ಅಲುಗಿಸಿದರೆ ಎರಡು ನಿಮಿಷ, ಎರಡು ನಿಮಿಷ ಅಂತ ಗೊಣಗಿದ. ತಂಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಕೂಗಿದರೆ ಓಗೊಡಲಿಲ್ಲ. ಅಮ್ಮ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕಣ್ಣು ಅರ್ಧ ತೆರೆದಿತ್ತು. ತೊಡೆಯ ಮೇಲೆ ಕೂಸು. ನಾಲಿಗೆ ದಪ್ಪಗಾದವರ ಹಾಗೆ ಅಮ್ಮ ಮಾತಾಡಿದಳು.

"ಬಾಗ್ಲು ಹಾಕೇ. ಕೂಸು ಮಲಗಿದೆ."

ನಾನು ಯಾವ ವಿಷಗಾಳಿಯ ಬಗ್ಗೆಯೂ ಯೋಚಿಸಲಿಲ್ಲ. ಗೋಡೆಯ ಆ ಅಲಾರ್ಮು ಯಾಕಿತ್ತು ಅನ್ನುವುದೂ ನೆನಪಿಗೆ ಬರಲಿಲ್ಲ. ಇಷ್ಟು ಗದ್ದಲಕ್ಕೂ ಕೂಸು ಅಳಲಿಲ್ಲ ಅನ್ನುವುದೊಂದೇ ಕಣ್ಣಿಗೆ ಕಂಡದ್ದು. ಬೆಳಿಗ್ಗೆ ಒಗ್ಗರಣೆಯ ಗಲಾಟೆಗೆ ಗಾಡಿಯೇ ಹಾರಿಹೋಗುವ ಹಾಗೆ ಅತ್ತ ಕೂಸು ಅದು. ಬಗ್ಗಿ ಎತ್ತಿಕೊಳ್ಳಲು ಹೋದರೆ ಅಮ್ಮ ಬಿಡಲಿಲ್ಲ. ಕಣ್ಣಿಗೆ ನಾನು ಸರಿಯಾಗಿ ಕಾಣುತ್ತಿದ್ದೆನೋ ಇಲ್ಲವೋ, ಎರಡೂ ತೋಳಿನಿಂದ ಕೂಸನ್ನು ಬಿಗಿಯಾಗಿ ಅವುಚಿಕೊಂಡಳು. ಹೊರಗೆ ಗಾಳಿ ಇದೆ, ಕೊಡಲ್ಲ ಅಂದಳು. ಅರವತ್ತು ದಾಟಿದ ಆ ಕೈಗಳಲ್ಲಿ ಆಗಲೂ ಅಷ್ಟು ಬಲವಿತ್ತು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹೆತ್ತ ತಾಯಿಯ ಮಣಿಕಟ್ಟನ್ನು ತಿರುಚಿದೆ. ಕೂಸನ್ನು ಕಿತ್ತುಕೊಂಡು ಬಾಗಿಲಿನಿಂದ ಹೊರಗೆ ಹಾರಿದೆ. ಕೂಸನ್ನ ಸಾಯಿಸ್ತೀಯೇನೇ ಅಂತ ಅಮ್ಮ ಹಿಂದಿನಿಂದ ಕೂಗಿದ್ದು ಕೇಳಿಸಿತು.

ಹೊರಗೆ ಐಸ್ ಮಳೆ ಸುರಿಯುತ್ತಲೇ ಇತ್ತು. ಕೂಸಿನ ತಲೆ ನನ್ನ ತೋಳಿನ ಮೇಲೆ ಜೋತು ಬಿದ್ದಿತ್ತು. ಕುಲಾವಿ ಕಿತ್ತೆಸೆದೆ, ಸುತ್ತಿದ್ದ ಬಟ್ಟೆ ಬಿಚ್ಚಿದೆ. ಅಂಗಾಲಿಗೆ ಹೊಡೆದೆ, ಕೆನ್ನೆ ತಟ್ಟಿದೆ. ಅದು ಸುಮ್ಮನಿತ್ತು. ಕೂಸನ್ನು ಹೇಗೆ ಹಿಡಿಯಬೇಕೆಂದು ಕೂಡ ಸರಿಯಾಗಿ ಗೊತ್ತಿಲ್ಲದ ನಾನು, ಮೈನಸ್ಸಿನ ಚಳಿಯಲ್ಲಿ ಬರೀ ಮೈಯ ಕೂಸನ್ನು ಎತ್ತಿಕೊಂಡು ರಸ್ತೆಯ ಮಧ್ಯೆ ನಿಂತಿದ್ದೆ. ಅಮ್ಮ ಹೇಳಿದ್ದೇ ನಿಜವಾಗಿದ್ದರೆ? ಅದು ಬರೀ ಮಲಗಿದ್ದು, ನಾನೇ ಕೊಲ್ಲುತ್ತಿದ್ದರೆ? ಹಣೆಯ ಮೇಲೆ ಒಂದು ಹನಿ ಬಿತ್ತು, ರೆಪ್ಪೆಯ ಮೇಲೆ ಇನ್ನೊಂದು. ಮುಖ ಕಿವುಚಿಕೊಂಡಿತು. ಬಾಯಿ ತೆರೆಯಿತು, ದನಿ ಬರಲಿಲ್ಲ. ಮತ್ತೆ ತೆರೆಯಿತು. ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಒಂದು ಸ್ವರ ಬಂತು.

ಕೂಸನ್ನು ನನ್ನ ಸ್ವೆಟರಿನೊಳಗೆ ಹಾಕಿಕೊಂಡು ಹೋಗಿ, ಕಾರಿನ ಸೀಟಿನಲ್ಲಿ ಕೋಟು ಸುತ್ತಿ ಮಲಗಿಸಿ, ಕಿಟಕಿ ಇಳಿಸಿಟ್ಟು ಮತ್ತೆ ಓಡಿದೆ. ಹಿಂದಿನ ಲಾರಿಯವನು ದಾರಿ ಬಿಡಲಿಲ್ಲ ಅಂತ ಜಗಳಕ್ಕೆ ಬರುತ್ತಿದ್ದ. ನನ್ನ ಮುಖ ನೋಡಿ ಅವನ ಬಾಯಿ ನಿಂತುಹೋಯಿತು. ಒಳಗೆ ಬಂದು ಒಲೆ ಆರಿಸಿದ, ಬಾಣಲೆಯನ್ನು ಹೊರಗೆ ಎಸೆದ, ತಂಗಿಯ ಗಂಡನನ್ನು ಎಳೆದು ಹಾಕಿದ. ನಾನು ತಂಗಿಯ ಕಂಕುಳಿಗೆ ಕೈ ಹಾಕಿ ಮೆಟ್ಟಿಲಿನ ತನಕ ತಂದೆ. ಅಮ್ಮ ತಾನೇ ಅಂಬೆಗಾಲಿಟ್ಟು ಬಂದಳು, ಹೊಸ್ತಿಲಲ್ಲಿ ವಾಂತಿ ಮಾಡಿಕೊಂಡಳು. ಲಾರಿಯವನು ತನ್ನ ರೇಡಿಯೋದಲ್ಲಿ ಯಾರನ್ನೋ ಕರೆದ. ದಾರಿ ತೆರೆದಿದ್ದರಿಂದ ಆಂಬುಲೆನ್ಸು ಬಂತು, ಚಕ್ರಕ್ಕೆ ಸರಪಳಿ ಕಟ್ಟಿಕೊಂಡು.

ಆಸ್ಪತ್ರೆ ಚಿಕ್ಕದು, ದಕ್ಷಿಣ ಕ್ಯಾರೊಲಿನಾದ ಯಾವುದೋ ಊರಿನದು. ಎಲ್ಲರ ಮೂಗಿಗೂ ಆಕ್ಸಿಜನ್ ಹಾಕಿದರು. ತಂಗಿಗೆ ಎಚ್ಚರವಾದಾಗ ಮೊದಲು ತನ್ನ ಎದೆ ಮುಟ್ಟಿ ನೋಡಿಕೊಂಡಳು, ಹಾಲು ಸೋರಿ ರವಿಕೆ ಒದ್ದೆಯಾಗಿತ್ತು. ಕೂಸನ್ನು ಬೇರೆ ಕೋಣೆಯಲ್ಲಿ ಗಾಜಿನ ಡಬ್ಬದೊಳಗೆ ಇಟ್ಟಿದ್ದರು. ಬೆಳಗಿನವರೆಗೆ ನೋಡಬೇಕು, ಮೆದುಳಿಗೆ ಏನಾದರೂ ಆಗಿದೆಯೋ ಹೇಳಲಾಗದು ಅಂದರು. ನಾನು ಆ ಗಾಜಿಗೆ ಹಣೆ ಒತ್ತಿಕೊಂಡು ಅದರ ಹೊಟ್ಟೆ ಏರಿ ಇಳಿಯುವುದನ್ನೇ ನೋಡುತ್ತಿದ್ದೆ. ಏರಿದಾಗ ನಾನೂ ಉಸಿರು ತೆಗೆದುಕೊಳ್ಳುತ್ತಿದ್ದೆ.

ಬೆಳಿಗ್ಗೆ ಡಾಕ್ಟರು ಬಂದರು. ಕೂಸು ಹಾಲು ಕುಡಿದಿದೆ, ಬೆರಳು ಹಿಡಿದಿದೆ, ಭಯವಿಲ್ಲ ಅಂದರು. ಆಮೇಲೆ ಅಮ್ಮನ ಮಂಚದ ಪಕ್ಕ ನಿಂತು, ಯಾಕೆ ಹೀಗಾಯಿತು ಅನ್ನುವುದನ್ನು ನನಗೆ ವಿವರಿಸಿದರು. ಒಲೆ, ಇದ್ದಿಲು, ಮುಚ್ಚಿದ ಕಿಂಡಿಗಳು, ಕಿತ್ತು ಹಾಕಿದ ಬ್ಯಾಟರಿ, ಒಂದನ್ನೂ ಬಿಡಲಿಲ್ಲ. ಅಮ್ಮ ಅವರ ಬಾಯನ್ನೇ ನೋಡುತ್ತಿದ್ದಳು. ಡಾಕ್ಟರು ಹೋದ ಮೇಲೆ ಏನಂದರು ಅಂತ ಕೇಳಿದಳು.

ಹಿಂದಿನ ದಿನ ಕಾರಿನಲ್ಲಿ ಕೂತು ಜೋಡಿಸಿದ್ದ ಉತ್ತರಗಳೆಲ್ಲ ನನ್ನ ಬಾಯಲ್ಲಿ ಸಿದ್ಧವಾಗಿದ್ದವು. ಅವಳ ಮಣಿಕಟ್ಟಿನ ಮೇಲೆ ನನ್ನ ಬೆರಳುಗಳ ನೀಲಿ ಗುರುತು ಎದ್ದಿತ್ತು. ಥಂಡಿಗೆ ಹೀಗಾಯಿತಂತೆ ಅಂತ ಹೇಳಿಬಿಡೋಣ ಅನ್ನಿಸಿತು. ಹಾಗೆ ಹೇಳಿದರೆ ಇವಳು ಅಟ್ಲಾಂಟಾದಲ್ಲಿ ಮತ್ತೆ ಕಿಂಡಿ ಮುಚ್ಚಿ ಕೆಂಡ ಇಡುತ್ತಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ದನಿ ಮಾತ್ರ ಎತ್ತರಿಸಲಿಲ್ಲ.

"ಒಲೇದು, ಕೆಂಡದ್ದು ಕೆಟ್ಟ ಗಾಳಿ ಹೊರಗೆ ಹೋಗೋಕೆ ಜಾಗ ಇರ್ಲಿಲ್ವಂತಮ್ಮ. ಅದಕ್ಕೆ ವಾಸನೆ ಇರಲ್ವಂತೆ."

"ನಾನು ಬಟ್ಟೆ ತುರುಕಿದ್ದಕ್ಕೆ."

"ಹೂಂ."

"ನಿಮ್ಮಿಬ್ರನ್ನೂ ಹಾಗೇ ಸಾಕಿದ್ದು ನಾನು," ಅಮ್ಮ ಅಂದಳು.

"ನಮ್ಮನೇಲಿ ಹೆಂಚಿನ ಸಂದೀಲಿ ಗಾಳಿ ಆಡ್ತಿತ್ತು. ಎಷ್ಟು ಮುಚ್ಚಿದ್ರೂ ಆಡ್ತಿತ್ತು. ಇದು ಪ್ಲಾಸ್ಟಿಕ್ ಡಬ್ಬ ಕಣಮ್ಮ."

ನರ್ಸು ಕೂಸನ್ನು ತಂದು ಅಮ್ಮನ ಕಡೆ ಚಾಚಿದಾಗ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ತಂಗಿಯ ಗಂಡ ಸೋಮವಾರದ ಬದಲು ಮಂಗಳವಾರ ಕೆಲಸಕ್ಕೆ ಹೋದ. ರಸ್ತೆಗಳೇ ಮುಚ್ಚಿದ್ದರಿಂದ ಅವರೂ ಏನೂ ಅನ್ನಲಿಲ್ಲ. ಕಮ್ಮಿಂಗಿನ ಹೊಸ ಮನೆಯಲ್ಲಿ ಸುಣ್ಣಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅಲ್ಲಿ ಅಮ್ಮ ಅಡುಗೆ ಮಾಡಿದಳು, ತಂಗಿಗೆ ಬಡಿಸಿದಳು, ಬಟ್ಟೆ ಮಡಚಿದಳು. ಕೂಸನ್ನು ಮಾತ್ರ ಮುಟ್ಟಲಿಲ್ಲ. ಎತ್ತಿಕೋ ಅಂದರೆ ಕೈ ನೋಯುತ್ತಿದೆ ಅನ್ನುತ್ತಿದ್ದಳು. ರಾತ್ರಿ ಎದ್ದು ಅದರ ಮೂಗಿನ ಹತ್ತಿರ ಬೆರಳು ಹಿಡಿದು ನಿಲ್ಲುತ್ತಿದ್ದಳು, ಮುಟ್ಟದೆ. ನಾನು ಆಫೀಸಿಗೆ ಫೋನ್ ಮಾಡಿ ರಜೆ ಬೆಳೆಸಿದೆ. ಕೂಸಿಗೆ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲಿನಿಂದ ಕೆಳಗೆ ಕಾಲ ಮೇಲೆ ಅದನ್ನು ಬೋರಲು ಹಾಕಿಕೊಂಡು ನಾನು ಹೆದರುತ್ತಾ ನೀರು ಹೊಯ್ಯುತ್ತಿದ್ದೆ. ಅಮ್ಮ ಆಚೆ ನಿಂತು, ಕತ್ತು ಹಿಡಿ, ಕಿವಿಗೆ ನೀರು ಬಿಡಬೇಡ, ಬೆನ್ನು ನೀವು ಅಂತ ಹೇಳಿಕೊಡುತ್ತಿದ್ದಳು. ಸಾಂಬ್ರಾಣಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ವಾಷಿಂಗ್ಟನ್ನಿಗೆ ಹೊರಡುವ ದಿನ ಬಂತು. ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ, ನೀರು ಹದ ಮಾಡಿಟ್ಟು, ನಾಳೆಯಿಂದ ಯಾರು ಹಾಕುತ್ತಾರೆ ಅಂತ ಅಮ್ಮನನ್ನು ಕೇಳಿದೆ. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನನ್ನ ಕೈಗೆ ಕೊಡ್ಬೇಡ. ಮತ್ತೆ ಇನ್ನೇನಾದ್ರೂ ಮಾಡ್ಬಿಟ್ರೆ?"

ಅವಳು ಹಾಗೆ ಸಣ್ಣಗಾಗಿ ನಿಂತದ್ದನ್ನು ನನ್ನಿಂದ ನೋಡಲಾಗಲಿಲ್ಲ. ಎದೆಯಲ್ಲಿ ಅಳು ಒತ್ತಿ ಬಂತು, ಬಾಯಿಂದ ಬಂದದ್ದು ಸಿಟ್ಟು. ಕೂತ್ಕೋ ಅಂತ ಗದರಿದೆ. ಭುಜ ಹಿಡಿದು ಕೂರಿಸಿದೆ, ಸೀರೆಯನ್ನು ನಾನೇ ಮೇಲೆ ಸರಿಸಿ ಅವಳ ಕಾಲುಗಳನ್ನು ಚಾಚಿಸಿದೆ. ಎಣ್ಣೆ ಹಚ್ಚಿದ ಕೂಸನ್ನು ಅವುಗಳ ಮೇಲೆ ಮಲಗಿಸಿದೆ. ಕೂಸು ಜಾರತೊಡಗಿತು. ಅಮ್ಮನ ಎರಡೂ ಕೈ ತಾವಾಗಿಯೇ ಬಂದು ಹಿಡಿದುಕೊಂಡವು.

"ನೀರು ಆರ್ತಾ ಇದೆ," ಅಂದು ನಾನು ಹೊರಗೆ ಬಂದೆ.

ಹಜಾರದಲ್ಲಿ ಗೋಡೆಗೆ ಒರಗಿ ನಿಂತೆ. ಎಷ್ಟೋ ಹೊತ್ತು ಒಳಗಿನಿಂದ ಏನೂ ಕೇಳಿಸಲಿಲ್ಲ. ತಿರುಗಿ ಹೋಗಲೇ ಅಂದುಕೊಂಡೆ, ಹೋಗಲಿಲ್ಲ. ಆಮೇಲೆ ತಂಬಿಗೆ ನೀರಿನಲ್ಲಿ ಮುಳುಗಿದ ಸದ್ದು, ನೀರು ಬಿದ್ದ ಸದ್ದು. ಕೂಸು ಮನೆ ಕಿತ್ತುಹೋಗುವ ಹಾಗೆ ಅಳತೊಡಗಿತು. ಅದಕ್ಕಿಂತ ಜೋರಾಗಿ ಅಮ್ಮ ಅಳುತ್ತಿದ್ದಳು, ಅಳುತ್ತಲೇ ಒಂದೊಂದೇ ತಂಬಿಗೆ ನೀರು ಹೊಯ್ಯುತ್ತಿದ್ದಳು.